ಅಗಲ ತೋಳಿನ ಅಂಗಿ

"ತಲೆ ಹಾಕು."

"ಎಲ್ಲಿಗೆ?"

"ತೋಳಿನೊಳಗೆ, ತೋದಾ. ಕೈ ತೂರಿಸೋ ಕಡೆಯಿಂದ ಹೋಗು, ಕೊರಳ ಕಡೆಯಿಂದ ಬಾ."

ಓರಿಯಕ್ಕ ತಮಾಷೆಯವಳಲ್ಲ. ಗಂಡ ನಮ್ಮೂರು ವಾಲ್ಪೆರಾಲಿನ ನ್ಯಾಯಾಧೀಶನಾಗಿದ್ದಷ್ಟು ಕಾಲವೂ ಅವನ ಬೆನ್ನ ಹಿಂದೆ ಕೂತು ನೂಲು ತೆಗೆಯುತ್ತ ಊರಿನ ಜಗಳಗಳನ್ನೆಲ್ಲ ಕೇಳಿಸಿಕೊಂಡವಳು. ಅವನು ಹೋದ ಮೇಲೆ ಕನ್ಯಾಮಠಕ್ಕೆ ಬಂದು ನೆಮ್ಮದಿಯಾಗಿರೋಣ ಅಂದುಕೊಂಡಳು. ಜಗಳಗಳು ಹಿಂದೆಯೇ ಬಂದವು. ಜೊತೆಗಾತಿಯಾಗಿ ನಾನೂ ಬಂದೆ. ಅವಳು ಯೋಚಿಸುತ್ತಾಳೆ, ನಾನು ತಲೆ ಹಾಕುತ್ತೇನೆ.

ಹಾಕಿದೆ. ತೀರಿಕೊಂಡ ರಾಣಿಯ ಪೆಟ್ಟಿಗೆಯ ತಳದಲ್ಲಿ, ಒಣಗಿದ ಲ್ಯಾವೆಂಡರ್ ಹೂಗಳ ಕೆಳಗೆ ಹೋದ ವಾರ ಸಿಕ್ಕಿದ ಬಿಳಿ ನಾರುಬಟ್ಟೆಯ ಅಂಗಿ ಅದು. ಎಡತೋಳು ಎಲ್ಲರ ಅಂಗಿಯ ಹಾಗೇ ಇತ್ತು. ಬಲತೋಳು ಮಾತ್ರ ಹಿಟ್ಟಿನ ಚೀಲದಷ್ಟು ಅಗಲ. ನನ್ನ ತಲೆ ಹೋಯಿತು, ಒಂದು ಭುಜ ಹೋಯಿತು, ಆಮೇಲೆ ಸಿಕ್ಕಿಕೊಂಡೆ. ಒಳಗೆಲ್ಲ ಬೆಳ್ಳಗಿತ್ತು, ಆದರೂ ಏನೂ ಕಾಣುತ್ತಿರಲಿಲ್ಲ.

"ಅಕ್ಕಾ, ಉಸಿರು ಕಟ್ತಾ ಇದೆ!"

"ಸಾಕು, ಬಾ. ದೊಡ್ಡವರು ಇದರಲ್ಲಿ ತೂರಲ್ಲ ಅಂತಾಯ್ತು. ಮಕ್ಕಳಿಗೇ ಹೊಲಿಸಿದ್ದು ಇದು."

ಕಿಟಕಿಯ ಹತ್ತಿರ ನಿಂತಿದ್ದ ಅಲ್ದಾರಾ, ರಾಣಿ ಸಾಕಿದ ಹುಡುಗಿ, ನಕ್ಕಳು. ರಾಣಿ ಬ್ರಿಯಾಂದಾ ಕಣ್ಣು ಮುಚ್ಚಿದ ಮೇಲೆ ಆ ಹುಡುಗಿ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಅದಕ್ಕಾಗಿ ಇನ್ನೊಂದು ಸಲ ಬೇಕಾದರೂ ತಲೆ ಹಾಕುತ್ತಿದ್ದೆ.

ನಮ್ಮ ಕಾಸ್ತೀಲ ರಾಜ್ಯದಲ್ಲಿ ಹೆರದೆಯೂ ತಾಯಿಯಾಗುವ ದಾರಿಯೊಂದಿದೆ. ಅಗಲ ತೋಳಿನ ಅಂಗಿ ತೊಟ್ಟು, ಮಗುವನ್ನು ತೋಳಿನೊಳಗೆ ಬಿಟ್ಟು, ಎದೆಯ ಮೇಲಿಂದ ಹಾಯಿಸಿ, ಕೊರಳಿನಿಂದ ಹೊರಗೆ ತೆಗೆದು ಹಣೆಗೆ ಮುತ್ತಿಟ್ಟರೆ ಅದು ಹೆತ್ತ ಮಗುವೇ. ಆಸ್ತಿಗೂ ಮಗು, ಅಳುವುದಕ್ಕೂ ಮಗು. ಆದರೆ ನೋಡಿದವರು ಇರಬೇಕು.

ರಾಣಿ ಸಾಯುವ ಮುಂಚೆ ಸಾಕಿದ ಹುಡುಗಿಯ ಕೈ ಹಿಡಿದು, "ನೀನು ನನ್ನ ತೋಳಿನಿಂದ ಬಂದವಳು ಮಗಳೇ" ಅಂದಿದ್ದಳು. ಎಲ್ಲಿ, ಯಾರ ಮುಂದೆ ಎಂದು ಕೇಳುವಷ್ಟರಲ್ಲಿ ಉಸಿರು ಮುಗಿದಿತ್ತು.

"ಅಂಗಿ ಇದೆ ಅಂದ ಮಾತ್ರಕ್ಕೆ ಮಗಳೂ ಇದ್ದಾಳೆ ಅಂತ ಆಗಲ್ಲ, ದೋನ್ಯಾ ಓರಿಯಾ."

ಬಾಗಿಲಿಗೆ ಒರಗಿ ನಿಂತಿದ್ದ ನೂನ್ಯೋ ಹೀಗಂದ; ದೊಡ್ಡ ಮನೆಯವನು, ಮರ್ಯಾದೆಗೆ ನಾವು ದೋನ್ ನೂನ್ಯೋ ಅನ್ನುತ್ತೇವೆ. ರಾಣಿಯ ಆಸ್ತಿ ಯಾರಿಗೆ ಅನ್ನುವ ವಿಚಾರಣೆಯ ಪ್ರತಿ ಹೆಜ್ಜೆಯಲ್ಲೂ ಎದುರು ಕಡೆಯವರು ಜೊತೆಗಿರಬಹುದು ಅಂತ ನಿಯಮ. ಆ ಕಡೆಯ ಸಾಮಂತ ಫ್ರುವೆಲಾ ತಾನು ರಾಜಧಾನಿ ಬುರ್ಗೋಸಿನಲ್ಲಿ ಉಳಿದು, ಸಾಕಿ ಬೆಳೆಸಿದ ಅಣ್ಣನ ಮಗನಾದ ಇವನನ್ನು ಕಳಿಸಿದ್ದ. ಮೀಸೆ ಈಗಷ್ಟೇ ಗಟ್ಟಿಯಾಗುತ್ತಿದ್ದ ಹುಡುಗ. ಬಂದ ದಿನವೇ ಬಾವಿಯಿಂದ ನನ್ನ ಕೊಡ ಎತ್ತಿಕೊಟ್ಟಿದ್ದ. ಶತ್ರು ಹೀಗೆಲ್ಲ ಮಾಡಿದರೆ ಮನಸಾರೆ ಬೈಯುವುದಾದರೂ ಹೇಗೆ?

"ಸರಿ ಧಣಿ, ಅಂಗಿ ಮಾತಾಡಲ್ಲ," ಅಂದಳು ಓರಿಯಕ್ಕ. "ಹಾಗಂತ ಸುಮ್ಮನೆ ಇರೋದೂ ಇಲ್ಲ."

"ಯಾವ ಪಾದ್ರಿ ನೋಡಿದ್ರು? ಯಾವ ಗೃಹಸ್ಥ ನೋಡಿದ? ದೇವಾಲಯದಲ್ಲಿ ಆಗಿದ್ರೆ ಒಬ್ಬನಾದ್ರೂ ಹೇಳಬೇಕಿತ್ತು. ಊರಿನ ಗಂಡಸರನ್ನೆಲ್ಲ ಕೇಳಿದ್ದೀವಿ. ಮನೆ ಹೆಂಗಸರ ಮಾತು ಇಂಥ ವ್ಯಾಜ್ಯಕ್ಕೆ ನಡೆಯಲ್ಲ, ನಿಮಗೇ ಗೊತ್ತು." ಹೇಳುತ್ತ ಬಲಗಿವಿಯ ಮೇಲೆ ಕೂದಲು ಎಳೆದುಕೊಂಡ. ಅದು ಅವನ ಅಭ್ಯಾಸ. ಆ ಕಿವಿಯ ಮೇಲಂಚಿನಲ್ಲಿ ಇಲಿ ಕಡಿದಂಥ ಕಚ್ಚೊಂದಿದೆ.

"ಮುಚ್ಚಿಕೋಬೇಡಿ, ಎಲ್ಲರೂ ನೋಡಿಯಾಗಿದೆ," ಅಂದಳು ಅಲ್ದಾರಾ.

"ಚಿಕ್ಕವನಿದ್ದಾಗ ಚಿಕ್ಕಪ್ಪನ ಗಿಡುಗ ಕುಕ್ಕಿತಂತೆ."

"ರುಚಿ ನೋಡಿ ಬೇಡ ಅಂತ ಬಿಟ್ಟಿರಬೇಕು."

ಅವನಿಗೂ ನಗು ಬಂತು. ಆಮೇಲೆ ತಾನು ಬಂದ ಕೆಲಸ ನೆನಪಾಯಿತೇನೋ, ನೆಲ ನೋಡಿದ.

ಆ ಕೆಲಸ ಇಷ್ಟು. ವಾಲ್ಪೆರಾಲ್ ರಾಣಿಯ ಸ್ತ್ರೀಧನ. ಮದುವೆಯ ಬೆಳಗ್ಗೆ ರಾಜ ಅವಳ ಕೈಗಿಟ್ಟ ಊರು. ಹೊಳೆ, ಗಿರಣಿ, ಮರಸೇಬಿನ ತೋಟ ಎಲ್ಲ ಸೇರಿ. ಮಕ್ಕಳಿದ್ದರೆ ಮಕ್ಕಳಿಗೆ. ಇಲ್ಲದಿದ್ದರೆ ರಾಜನ ಮನೆಗೆ ವಾಪಸ್ಸು. ಹಳೇ ರಾಜ ಹೋದ ವರ್ಷ ಸತ್ತ. ಹೊಸಬ ಆ ಊರನ್ನು ಸಾಮಂತ ಫ್ರುವೆಲಾನಿಗೆ ಕೊಡುವುದಾಗಿ ಮಾತು ಕೊಟ್ಟಾಗಿದೆ. ನಾಳೆ ಪೂಜೆ ಮುಗಿದ ಮೇಲೆ ನೂನ್ಯೋ ಪವಿತ್ರ ಗ್ರಂಥದ ಮೇಲೆ ಬಲಗೈ ಇಟ್ಟು, "ರಾಣಿ ಬ್ರಿಯಾಂದಾಳಿಗೆ ಬಸಿರಿನಿಂದಾಗಲಿ ತೋಳಿನಿಂದಾಗಲಿ ಮಕ್ಕಳಿಲ್ಲ" ಎಂದು ಪ್ರಮಾಣ ಮಾಡಬೇಕು. ಎದುರು ಸಾಕ್ಷಿ ಬಾರದಿದ್ದರೆ ಅಲ್ಲಿಗೆ ಮುಗಿಯಿತು.

ಊರು ಹೋದರೆ ಹೋಗಲಿ ಅಂದಿದ್ದಳು ಅಲ್ದಾರಾ. ಅವಳಿಗೆ ಬೇಕಾದ್ದು ಸಮಾಧಿಯ ರೊಟ್ಟಿ. ಸತ್ತವರ ಕಲ್ಲಿನ ಮೇಲೆ ಒಂದು ವರ್ಷ ಪ್ರತಿ ಭಾನುವಾರ ರೊಟ್ಟಿ ಇಟ್ಟು ಮೇಣದ ಬತ್ತಿ ಹಚ್ಚುವುದು ಮಕ್ಕಳ ಹಕ್ಕು. ಬೇರೆ ಯಾರು ಇಟ್ಟರೂ ಪಾದ್ರಿ ಎತ್ತಿ ಬಾಗಿಲಾಚೆ ಇಡುತ್ತಾರೆ. ಹೋದ ಭಾನುವಾರ ಹಾಗೇ ಆಯಿತು. ಊರ ನಾಯಿಯೊಂದು ಬಂದು ಅವಳ ರೊಟ್ಟಿಯನ್ನು ಕಚ್ಚಿಕೊಂಡು ಹೋಯಿತು. ಹುಡುಗಿ ಅಳಲಿಲ್ಲ. ನಾಯಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತಿದ್ದಳು.

ಓರಿಯಕ್ಕ ಅಂಗಿಯನ್ನು ಒಳಹೊರಗು ಮಾಡಿ ಮೇಜಿನ ಮೇಲೆ ಹರಡಿದಳು. ಬೆಕ್ಕು ಮರಿಯನ್ನು ನೆಕ್ಕುವಷ್ಟು ನಿಧಾನವಾಗಿ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಬಂದಳು.

ಮೊದಲು ಕೊರಳು ಸಿಕ್ಕಿತು. ಮುಂಭಾಗ ಒಂದು ಗೇಣಿನಷ್ಟು ಹರಿದಿತ್ತು. ಆಮೇಲೆ ಯಾರೋ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂಡಿಸಿದ್ದರು. ಪಕ್ಕದಲ್ಲಿ ಎರಡು ತೂತು, ಸೂಜಿಪದಕ ಚುಚ್ಚಿಕೊಳ್ಳುವ ಜಾಗ. ತೂತಿನ ಕೆಳಗೆ ತುಕ್ಕು ಬಣ್ಣದ ಕಲೆ.

"ತುಕ್ಕಾ?" ಅಂದೆ.

"ರಾಣಿಯ ಪದಕ ಚಿನ್ನದ್ದು. ಚಿನ್ನ ತುಕ್ಕು ಹಿಡಿಯುತ್ತೇನೇ? ರಕ್ತ ಇದು." ಅಲ್ದಾರಾಳ ಕಡೆ ತಿರುಗಿದಳು. "ಮಗಾ, ಇಲ್ಲಿ ಬಾ. ಕತ್ತು ತೋರಿಸು. ಕೂದಲು ಎತ್ತು."

ಕತ್ತು, ಕೆನ್ನೆ, ಹಣೆ ಎಲ್ಲ ನೋಡಿದಳು. ಹೊಸ ಬೆಣ್ಣೆಯ ಹಾಗೆ ನುಣುಪು. ಗಾಯದ ಗುರುತೇ ಇಲ್ಲ. ಓರಿಯಕ್ಕನ ಹುಬ್ಬು ಕೂಡಿತು. ಮತ್ತೆ ಅಂಗಿಯ ಕಡೆ ತಿರುಗಿದಳು.

ಆಮೇಲೆ ಅಂಚು. ಬೆನ್ನಿನ ಕಡೆ ಅಂಗೈ ಅಗಲದಷ್ಟು ಕಂದುಗಟ್ಟಿತ್ತು.

"ಬತ್ತಿ ತಗುಲಿ ಸುಟ್ಟಿದ್ದು," ಅಂದ ನೂನ್ಯೋ. "ನೋಡಿ, ದೇವಾಲಯದಲ್ಲೇ ಆಗಿರಬೇಕು. ಹಾಗಿದ್ರೆ ಪಾದ್ರಿಗೆ ಗೊತ್ತಿರಲೇಬೇಕಿತ್ತು. ಗೊತ್ತಿಲ್ಲ ಅಂದ್ರೆ ಆಗಿಲ್ಲ."

"ಬತ್ತಿ ತಗುಲಿದ್ರೆ ತೂತು ಬೀಳುತ್ತೆ, ಮೇಣ ಅಂಟುತ್ತೆ. ಇಲ್ಲಿ ಎರಡೂ ಇಲ್ಲ." ಓರಿಯಕ್ಕ ತನ್ನ ಬೆನ್ನನ್ನು ಗೋಡೆಗೆ ಒತ್ತಿ ತೋರಿಸಿದಳು. "ಬಿಸಿ ಇಟ್ಟಿಗೆಗೆ ಹೀಗೆ ಒರಗಿ ನಿಂತಿದ್ದಾಳೆ. ಮುಂದಿನ ಕೆಲಸದಲ್ಲಿ ಮೈಮರೆತು, ಹಿಂದೆ ಸುಡ್ತಾ ಇದೆ ಅನ್ನೋದೂ ಗೊತ್ತಾಗಿಲ್ಲ."

ಕೊನೆಗೆ ತೋಳಿನ ಒಳಹೊಲಿಗೆ. ಅಲ್ಲಿ ಏನೋ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಒಣಗಿದ ಅಂಟಿನ ಹಾಗೆ. ಉಗುರಿನಿಂದ ಒಂದು ಚೂರು ಕೆರೆದಳು. ಮೂಸಿದಳು. ನಾನು ಬೇಡ ಅನ್ನುವಷ್ಟರಲ್ಲಿ ನಾಲಗೆಯ ಮೇಲಿಟ್ಟುಕೊಂಡಳು.

"ಅಯ್ಯೋ ಅಕ್ಕಾ! ಸತ್ತವರ ಬಟ್ಟೆ!"

"ಹುಳಿ," ಅಂದಳು, ಕಣ್ಣು ಮುಚ್ಚಿಕೊಂಡು. "ಇಷ್ಟು ವರ್ಷ ಆದ್ರೂ ಚೂರು ಹುಳಿ ಉಳಿದಿದೆ. ಹುದುಗಿದ ಹಿಟ್ಟು ಕಣೇ ತೋದಾ. ಹಿಟ್ಟಿನ ಕೈಯವರು ಯಾರೋ ಈ ತೋಳನ್ನ ಅಗಲಿಸಿ ಹಿಡಿದಿದ್ದಾರೆ."

ಕಣ್ಣು ತೆರೆದಾಗ ಅವಳ ಮುಖವೇ ಬೇರೆಯಾಗಿತ್ತು.

"ನಾವೆಲ್ಲ ಎಂಥ ಮೂರ್ಖರು! ದತ್ತು ಅಂದ ಕೂಡಲೇ ದೇವಾಲಯಕ್ಕೆ ಓಡಿದ್ವಿ, ಗಂಡಸರನ್ನ ಕೇಳಿದ್ವಿ. ರಾಣಿ ದೇವಾಲಯಕ್ಕೆ ಹೋಗೇ ಇಲ್ಲ. ಊರ ರೊಟ್ಟಿಭಟ್ಟಿಗೆ ಹೋಗಿದ್ದಾಳೆ."

ನೂನ್ಯೋ ಒರಗಿದ್ದ ಬಾಗಿಲು ಬಿಟ್ಟು ನೆಟ್ಟಗೆ ನಿಂತ. ಅವನಿಗೂ ಕಾನೂನು ಗೊತ್ತು. ನಮ್ಮ ಊರುಗಳಲ್ಲಿ ಹೆಣ್ಣಿನ ಸಾಕ್ಷಿ ದೊಡ್ಡ ವ್ಯಾಜ್ಯಕ್ಕೆ ನಡೆಯುವುದಿಲ್ಲ. ಆದರೆ ಭಟ್ಟಿಯಲ್ಲಿ, ಗಿರಣಿಯಲ್ಲಿ, ಬಟ್ಟೆ ಒಗೆಯುವ ಹೊಳೆಯಲ್ಲಿ, ಸ್ನಾನದ ಮನೆಯಲ್ಲಿ ಏನಾದರೂ ಆದರೆ ಅಲ್ಲಿ ಹೆಣ್ಣಿನ ಮಾತೇ ಮಾತು. ಗಂಡಸರು ಅಲ್ಲಿಗೆ ಕಾಲಿಡುವುದಿಲ್ಲವಲ್ಲ!

"ಚಪ್ಪಲಿ ಮೆಟ್ಟು, ತೋದಾ. ಅಲ್ದಾರಾ, ನೀನೂ ಬಾ," ಅಂದಳು ಓರಿಯಕ್ಕ. "ದೋನ್ ನೂನ್ಯೋ, ನೀವೂ ಬನ್ನಿ. ಬರಬಾರದ ಜಾಗ, ಆದ್ರೆ ಬರೋ ಹಕ್ಕಿದೆ."

*

ಶನಿವಾರವಾದ್ದರಿಂದ ಭಟ್ಟಿಮನೆ ತುಂಬಿತ್ತು. ಹೆಂಗಸರು ತಮ್ಮ ತಮ್ಮ ಗುರುತು ಒತ್ತಿದ ಹಿಟ್ಟಿನ ಮುದ್ದೆಗಳನ್ನು ಹಲಗೆಯ ಮೇಲೆ ಹೊತ್ತು ಸಾಲಾಗಿ ನಿಂತಿದ್ದರು. ನಮ್ಮನ್ನು ಕಂಡು ದಾರಿ ಬಿಟ್ಟರು. ನೂನ್ಯೋನನ್ನು ಕಂಡು ಬಾಯಿ ಬಿಟ್ಟರು.

"ಏನು ಧಣಿ, ಹಿಟ್ಟು ನಾದೋಕೆ ಬಂದ್ರಾ?"

"ಕೈ ನೋಡೇ ಅವರದು! ಕತ್ತಿ ಹಿಡಿದ ಕೈಗೆ ಹಿಟ್ಟು ಎದ್ದೇಳುತ್ತಾ?"

"ನಿನ್ನ ಗಂಡನ ಕೈಗಿಂತ ವಾಸಿ ಬಿಡು. ಅದು ಲೋಟ ಬಿಟ್ಟು ಬೇರೆ ಹಿಡಿದಿಲ್ಲ."

ಹುಡುಗ ಕೆಂಪಾದ. ಒಳಬಾಗಿಲು ತೀರಾ ಗಿಡ್ಡ. ತಲೆ ಬಗ್ಗಿಸಿ ನುಗ್ಗುವಾಗ ಕೂದಲು ಮುಂದಕ್ಕೆ ಜಾರಿತು. ಅದೇ ಹೊತ್ತಿಗೆ ಒಳಗೆ ಏನೋ ದಡಾರನೆ ಬಿತ್ತು.

ಭಟ್ಟಿಯ ಒಡತಿ ಕೊಲೊಂಬಾ ಕೈಯಲ್ಲಿದ್ದ ಉದ್ದ ಹಿಡಿಯ ಹಲಗೆಯನ್ನು ಬೀಳಿಸಿಕೊಂಡಿದ್ದಳು. ಹುಬ್ಬೆಲ್ಲ ಬೆಂಕಿಗೆ ಸುಟ್ಟು ಹೋಗಿರುವ, ಬಾಯಿ ಮಾತ್ರ ಸುಡದೆ ಉಳಿದಿರುವ ಮುದುಕಿ. ಅವಳ ಕೈಯಿಂದ ಹಲಗೆ ಜಾರಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ.

"ಗಂಡಸನ್ನ ಯಾಕೆ ಕರ್ಕೊಂಡು ಬಂದೆ?" ಅಂದಳು ಓರಿಯಕ್ಕನಿಗೆ. "ರೊಟ್ಟಿ ಸೀದು ಹೋಗುತ್ತೆ."

"ಕೊಲೊಂಬಕ್ಕಾ, ನಿನ್ನ ಹತ್ತಿರ ಒಂದು ಮಾತು ಕೇಳಬೇಕು."

"ಊರೆಲ್ಲ ಕೇಳಿಯಾಯ್ತಲ್ಲ? ಗಂಟೆ ಹೊಡೆಯೋನನ್ನೂ ಕೇಳಿದ್ರಂತೆ. ಅವನಿಗೆ ತನ್ನ ಹೆಂಡ್ತಿ ಹೆತ್ತಿದ್ದೇ ಮೂರು ದಿನ ತಡವಾಗಿ ಗೊತ್ತಾಯ್ತು!"

ಹೆಂಗಸರು ನಕ್ಕರು. ಓರಿಯಕ್ಕ ಅವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು. ಒಳಗೆ ಉಳಿದದ್ದು ನಾವು ಐದು ಜನ, ಭಟ್ಟಿಯ ಕೆಂಪು ಬಾಯಿ, ಅದರೊಳಗೆ ಉಬ್ಬುತ್ತಿದ್ದ ರೊಟ್ಟಿಗಳು.

ನೂನ್ಯೋ ಗೋಡೆಗೆ ಕೈ ಊರಿದ. ಮುಖ ಬಿಳಿಚಿತ್ತು.

"ಏನಾಯ್ತು ಮಗಾ?" ಅಂದೆ.

"ಏನಿಲ್ಲ ಅವ್ವಾ. ಈ ವಾಸನೆ... ಬಿಸಿ ರೊಟ್ಟಿಯ ವಾಸನೆ ಬಂದ್ರೆ ನನಗೆ ಯಾವಾಗಲೂ ಹೀಗೇ. ಬಿಳೀ ಕತ್ತಲು ನೆನಪಾಗುತ್ತೆ." ನಾಚಿಕೆಯಿಂದ ನಕ್ಕ. "ಹುಚ್ಚು ಮಾತು ಅಲ್ವಾ? ಕತ್ತಲು ಎಲ್ಲಾದ್ರೂ ಬೆಳ್ಳಗಿರುತ್ತಾ?"

ಬೆಳಗ್ಗೆ ನನ್ನ ತಲೆ ಎಲ್ಲಿ ಸಿಕ್ಕಿಕೊಂಡಿತ್ತು ಅನ್ನುವುದು ಯಾಕೋ ನೆನಪಾಯಿತು.

ಓರಿಯಕ್ಕ ಅಂಗಿಯನ್ನು ಬಿಚ್ಚಿ ಕೊಲೊಂಬಾಳ ಮುಂದೆ ಹಿಡಿದಳು. ಮುದುಕಿ ಅದನ್ನು ನೋಡಲಿಲ್ಲ. ಬೆಂಕಿ ನೋಡಿದಳು.

"ಇದರಲ್ಲಿ ನಿನ್ನ ಹಿಟ್ಟಿದೆ."

"ಊರ ಎಲ್ಲರ ಹೊಟ್ಟೇಲೂ ನನ್ನ ಹಿಟ್ಟಿದೆ."

"ರಾಣಿ ಈ ಇಟ್ಟಿಗೆಗೆ ಒರಗಿ ನಿಂತಿದ್ಲು. ಅಂಗಿಯ ಅಂಚು ಸುಟ್ಟಿತ್ತು."

"ಚಳಿಗೆ ಬರ್ತಿದ್ಲು. ರಾಣಿ ಅಂತ ಚಳಿಗೆ ಗೊತ್ತಾಗುತ್ತಾ?"

"ಪ್ರತಿ ವರ್ಷ ಸಂತ ಅಂದ್ರೆಸನ ಹಬ್ಬದ ದಿನ ಬರ್ತಿದ್ಲು, ಅಲ್ವಾ? ತಾನೇ ಹಿಟ್ಟು ನಾದಿ ಸಣ್ಣ ರೊಟ್ಟಿ ಮಾಡ್ತಿದ್ಲು. ಒಂದಲ್ಲ, ಎರಡು. ನಾನೂ ನೋಡಿದ್ದೀನಿ. ಒಂದನ್ನ ಈ ಹುಡುಗಿಗೆ ಕೊಡ್ತಿದ್ಲು. ಎರಡನೇದು ಯಾರಿಗೆ ಕೊಲೊಂಬಕ್ಕಾ?"

ಮುದುಕಿ ಬಗ್ಗಿ ಬಿದ್ದಿದ್ದ ಹಲಗೆಯನ್ನು ಎತ್ತಿಕೊಂಡಳು.

"ಯಾರಿಗೂ ಕೊಡ್ತಿರಲಿಲ್ಲ," ಅಂದಳು ಅಲ್ದಾರಾ ಮೆಲ್ಲಗೆ. "ಮಡಿಲಲ್ಲಿ ಇಟ್ಟುಕೊಂಡು ಕೂತಿರ್ತಿದ್ರು, ಆರಿ ತಣ್ಣಗಾಗೋವರೆಗೂ. ನಾನು ಕೇಳಿದ್ರೆ, ದೂರದಲ್ಲಿರೋರಿಗೆ ಅನ್ನೋರು. ಆಮೇಲೆ ಕಿಟಕೀಲಿಟ್ಟು ಹಕ್ಕಿಗಳಿಗೆ ಬಿಡೋರು."

"ಬಾಯಿ ಮುಚ್ಕೊಂಡಿರು ಹುಡುಗೀ," ಅಂದಳು ಕೊಲೊಂಬಾ. ಬೈದ ಹಾಗಿರಲಿಲ್ಲ, ಬೇಡಿಕೊಂಡ ಹಾಗಿತ್ತು.

ನೂನ್ಯೋ ಮುಂದೆ ಬಂದ. "ಅಜ್ಜಿ, ಹೆದರಬೇಡ. ನೀನು ನಿಜ ಹೇಳಿದ್ರೆ ಯಾರೂ ಭಟ್ಟಿ ಕಿತ್ತುಕೊಳ್ಳಲ್ಲ. ಚಿಕ್ಕಪ್ಪನಿಗೆ ನಾನೇ ಹೇಳ್ತೀನಿ. ನಾಳೆ ನಾನು ಪ್ರಮಾಣ ಮಾಡಬೇಕು. ಸುಳ್ಳು ಪ್ರಮಾಣ ಮಾಡೋಕೆ ನನಗೂ ಇಷ್ಟ ಇಲ್ಲ. ಏನಾದ್ರೂ ನೋಡಿದ್ರೆ ಈಗಲೇ ಹೇಳಿಬಿಡು."

ಕೊಲೊಂಬಾ ಅವನನ್ನು ತಲೆಯಿಂದ ಕಾಲಿನವರೆಗೂ ನೋಡಿದಳು. ಆ ನೋಟದಲ್ಲಿ ಏನಿತ್ತು ಅಂತ ಆಗ ನನಗೆ ತಿಳಿಯಲಿಲ್ಲ. ತುಂಬಾ ದಿನ ಬಿಟ್ಟು ಮನೆಗೆ ಬಂದ ಹುಡುಗರನ್ನು ಮುದುಕಿಯರು ಹಾಗೆ ನೋಡುತ್ತಾರೆ, ಊಟ ಮಾಡಿದ್ಯಾ ಅಂತ ಕೇಳುವ ಮುಂಚೆ.

ಅಲ್ದಾರಾ ಅವಳ ಮುಂದೆ ಮಂಡಿಯೂರಿದಳು. "ಅಜ್ಜೀ, ನನಗೆ ಊರು ಬೇಡ. ತೋಟ ಬೇಡ. ನಾಳೆ ಭಾನುವಾರ. ಅಮ್ಮನ ಕಲ್ಲಿನ ಮೇಲೆ ರೊಟ್ಟಿ ಇಡಬೇಕು. ಅದನ್ನ ನಾಯಿ ತಿನ್ನಬಾರದು. ಅಷ್ಟೇ."

ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟಳು. ಹಿಟ್ಟಿನ ಗುರುತು ಕೂದಲಲ್ಲಿ ಹಾಗೇ ಉಳಿಯಿತು.

"ನಾನು ಹೇಳಬಾರದು ಅಂತಿರಲಿಲ್ಲ," ಅಂದಳು. "ಹೇಳೋಕೆ ಆಗ್ತಿರಲಿಲ್ಲ. ಅವಳು ಆಣೆ ಹಾಕಿಸಿಕೊಂಡಿದ್ಲು. ಈಗ ಹೇಳಬಹುದು."

"ಈಗ ಯಾಕೆ?" ಅಂದಳು ಓರಿಯಕ್ಕ ಥಟ್ಟನೆ.

"ತಾಳೇ. ಎಲ್ಲಕ್ಕೂ ಹದ ಇರುತ್ತೆ."

ಅವಳು ಭಟ್ಟಿಯ ಬಾಯಿಗೆ ಮುಚ್ಚಳ ಹಾಕಿದಳು. ಒಳಗೆ ಅರೆಗತ್ತಲಾಯಿತು.

"ಅವಳು ಬೆಟ್ಟದಾಚೆಯಿಂದ ಮದುವೆಯಾಗಿ ಬಂದಾಗ ಇನ್ನೂ ಹಲ್ಲು ಬೀಳೋ ವಯಸ್ಸು. ಹೆತ್ತ ಮಗು ಒಂದೂ ಉಳೀಲಿಲ್ಲ. ರಾಜ ಬೇಸತ್ತ. ನಿನಗೆ ಕೊಟ್ಟ ಊರಿದೆಯಲ್ಲ, ಅಲ್ಲೇ ಬಿದ್ದಿರು ಅಂತ ಇಲ್ಲಿಗೆ ಅಟ್ಟಿದ. ರಾಣಿ ಅಂತ ಹೆಸರು. ನನ್ನ ಹಾಗೆ ಒಂಟಿ. ಒಂದು ಚಳಿಗಾಲ ಜ್ವರ ಬಂತು, ಈ ಕಡೆಯ ಮನೆಗಳೆಲ್ಲ ಖಾಲಿಯಾದ್ವು. ಯಾರೂ ಇಲ್ಲದ ಕೂಸುಗಳನ್ನ ಅವಳು ತಂದು ಸಾಕಿದ್ಲು. ನೀನು ಆಗ ಮೊಲೆಗೂಸು."

ಅಲ್ದಾರಾ ಮಂಡಿಯ ಮೇಲೇ ಅವಳ ಹತ್ತಿರಕ್ಕೆ ಸರಿದಳು.

"ಸಂತ ಅಂದ್ರೆಸನ ದಿನ. ಹೊರಗೆ ಹಿಮ. ಬಂದವಳೇ ಈ ಅಂಗಿ ಮೇಲೆ ತೊಟ್ಟಳು. 'ಅಮ್ಮಾ, ದೇವಾಲಯದಲ್ಲಿ ಮಾಡಿಸಬಾರದಾ' ಅಂದೆ. ಏನಂದ್ಲು ಗೊತ್ತಾ? 'ಗಂಡಸರ ಮುಂದೆ ಮಾಡಿದ್ರೆ ಸಂಜೆಯೊಳಗೆ ರಾಜನಿಗೆ ಗೊತ್ತಾಗುತ್ತೆ, ಮಕ್ಕಳನ್ನ ಕಿತ್ತುಕೊಳ್ತಾನೆ. ಹೆಂಗಸರ ಮುಂದೆ ಮಾಡಿದ್ರೆ ಬೇಕಾದಾಗ ಮಾತ್ರ ಗೊತ್ತಾಗುತ್ತೆ.' ತೋಳನ್ನ ನಾನೇ ಅಗಲಿಸಿ ಹಿಡಿದೆ, ಹಿಟ್ಟಿನ ಕೈಯಲ್ಲೇ. ನೀನು ಜಾರಿಕೊಂಡು ಬಂದೆ ಕಣೇ, ಎಣ್ಣೆ ಸವರಿದ ಹಿಟ್ಟಿನ ಹಾಗೆ! ಕೊರಳಲ್ಲಿ ನಿನ್ನ ತಲೆ ಬಂದಾಗ ಅವಳು ಹಣೆಗೆ ಮುತ್ತಿಟ್ಟು, 'ಇನ್ನು ನನ್ನವಳು' ಅಂದ್ಲು. ನಾನು ಕಣ್ಣಾರೆ ನೋಡಿದ್ದೀನಿ. ನಾಳೆ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಅಲ್ದಾರಾ ಮುದುಕಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಹೋದ ಭಾನುವಾರದ ಅಳು ಈಗ ಬಂತು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನೂನ್ಯೋ ಆ ಕಡೆ ತಿರುಗಿ ನಿಂತಿದ್ದ. ಅವನ ಭುಜದಿಂದ ಏನೋ ಭಾರ ಇಳಿದ ಹಾಗಿತ್ತು.

"ಹಾಗಾದ್ರೆ ನಾನು ಪ್ರಮಾಣ ಮಾಡಲ್ಲ," ಅಂದ. "ಚಿಕ್ಕಪ್ಪ ಏನಾದ್ರೂ ಅನ್ನಲಿ."

ಓರಿಯಕ್ಕ ಮಾತ್ರ ಅಲ್ಲಾಡಲಿಲ್ಲ. ಅಂಗಿಯ ಕೊರಳನ್ನು ಬೆರಳಲ್ಲಿ ಹಿಡಿದೇ ಇದ್ದಳು.

"ಆಗ ಇಲ್ಲಿದ್ದ ಬೇರೆ ಹೆಂಗಸರು?"

"ಎಲ್ಲರೂ ಸಮಾಧಿಯಲ್ಲಿದ್ದಾರೆ. ನಾನೊಬ್ಬಳೇ ಉಳಿದವಳು."

"ಒಬ್ಬಳ ಮಾತು ಅರ್ಧ ಸಾಕ್ಷಿ ಕಣಕ್ಕಾ. ಜೊತೆಗೊಂದು ಗುರುತು ಬೇಕು. ಇಲ್ಲದಿದ್ರೆ ಫ್ರುವೆಲಾ ಬೇರೆ ಯಾರ ಕೈಲಾದ್ರೂ ಪ್ರಮಾಣ ಮಾಡಿಸ್ತಾನೆ, ಊರೂ ಹೋಗುತ್ತೆ, ರೊಟ್ಟಿಯೂ ಹೋಗುತ್ತೆ." ಅಂಗಿಯನ್ನು ಮೇಲೆತ್ತಿದಳು. "ಗುರುತು ಇಲ್ಲಿದೆ, ರಕ್ತ. ಆದರೆ ಈ ಹುಡುಗಿಯ ಮೈಮೇಲೆ ಗಾಯ ಇಲ್ಲ. ಎಣ್ಣೆ ಸವರಿದ ಹಾಗೆ ಜಾರಿ ಬಂದವಳು ಅಂತೀಯಾ. ಹಾಗಿದ್ರೆ ಕೊರಳು ಹರಿದದ್ದು ಯಾರ ತಲೆಗೆ?"

ಕೊಲೊಂಬಾ ಎದ್ದಳು. ಭಟ್ಟಿಯ ಮುಚ್ಚಳ ತೆಗೆದಳು. ಕೆಂಪು ಬೆಳಕು ಎಲ್ಲರ ಮುಖದ ಮೇಲೂ ಬಿತ್ತು. ಉದ್ದ ಹಲಗೆಯನ್ನು ಒಳಗೆ ತಳ್ಳಿ, ಸೀಯುವುದರಲ್ಲಿದ್ದ ರೊಟ್ಟಿಗಳ ಪಕ್ಕದಿಂದ ಎರಡು ಸಣ್ಣ ರೊಟ್ಟಿ ಹೊರಗೆಳೆದಳು. ಎರಡರ ಮೇಲೂ ರಾಣಿಯ ಗುರುತು, ಎಲೆ ಸಮೇತ ಒಂದು ಮರಸೇಬು.

"ಅವಳು ಹೋದ ಮೇಲೆ ಪ್ರತಿ ಶನಿವಾರ ನಾನೇ ಮಾಡ್ತಿದ್ದೀನಿ," ಅಂದಳು. "ಎರಡು."

ಒಂದನ್ನು ಅಲ್ದಾರಾಳ ಕೈಗಿಟ್ಟಳು.

"ಅವತ್ತು ಕೊರಳಿನಿಂದ ಎರಡು ತಲೆ ಬಂದ್ವು. ಎರಡನೇದು ಗಂಡು. ಓಡಾಡೋ ಕೂಸು, ಮಾತೂ ಬರ್ತಿತ್ತು. ಜಾಣ. ತೋಳಿನೊಳಗೆ ನಗ್ತಾ ಹೋದ. ನಡುವೆ ಸಿಕ್ಕಿಹಾಕಿಕೊಂಡ. ಕತ್ತಲು ಅಂತ ಕಿರುಚಿದ. ಅವಳೂ ಹೆದರಿ ಎಳೆದ್ಲು, ಕೊರಳು ಹರೀತು. ಪದಕ ತೆಗೆದಿಡೋಕೆ ಮರೆತಿದ್ಲು ನೋಡು; ಅದರ ಸೂಜಿ ಕೂಸಿಗೆ ತಗುಲಿ ಸೀಳಿಬಿಡ್ತು. ಎಷ್ಟು ರಕ್ತ! ಅವಳು ಕೂಸಿಗಿಂತ ಜೋರಾಗಿ ಅತ್ಲು. ಕೊನೆಗೆ ನಾನು ಬಿಸಿ ರೊಟ್ಟಿ ಮುರಿದು, ಒಳಗಿನ ಮೆತ್ತನೇದನ್ನ ಗಾಯಕ್ಕೆ ಒತ್ತಿ ಹಿಡಿದೆ. ಉಳಿದಿದ್ದನ್ನ ಅವನು ತಿಂದ. ತಿನ್ನುತ್ತಾ ಅವಳ ಎದೆ ಮೇಲೇ ನಿದ್ದೆ ಹೋದ."

"ಆಮೇಲೆ?" ಅದು ನೂನ್ಯೋನ ಧ್ವನಿ. ಅವನ ಧ್ವನಿಯ ಹಾಗಿರಲಿಲ್ಲ.

"ಆಮೇಲೇನು? ಹಿಮ ಕರಗೋ ಹೊತ್ತಿಗೆ ಒಬ್ಬ ದೊಡ್ಡ ಮನುಷ್ಯ ಕುದುರೆ ಮೇಲೆ ಬಂದ. ಸತ್ತ ಅಣ್ಣನ ಮಗ, ನಮ್ಮ ವಂಶದ ಕುಡಿ ಅಂತ ಕರ್ಕೊಂಡು ಹೋದ. ಈ ಅಂಗಿ ವಿಷಯ ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳೋ ಹಾಗೂ ಇರಲಿಲ್ಲ. ಹೇಳಿದ್ರೆ ರಾಜನಿಗೆ ತಿಳಿದು ಇಬ್ಬರೂ ಹೋಗ್ತಿದ್ರು. ಅವತ್ತು ರಾತ್ರಿ ನನ್ನ ಕೈಲಿ ಆಣೆ ಹಾಕಿಸಿಕೊಂಡ್ಲು. 'ಕೊಲೊಂಬಾ, ಹೇಳೋ ಕಾಲ ಬಂದ್ರೆ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳು. ಒಬ್ಬರಿಗೆ ಹೇಳಿ ಇನ್ನೊಬ್ಬರನ್ನ ಅನಾಥ ಮಾಡಬೇಡ.' ಅದಕ್ಕೇ ಸುಮ್ಮನಿದ್ದೆ. ಇವತ್ತು ಆ ಗಿಡ್ಡ ಬಾಗಿಲಲ್ಲಿ ಒಬ್ಬ ತಲೆ ಬಗ್ಗಿಸಿ ಬಂದ. ಕೂದಲು ಜಾರಿತು. ನನ್ನ ಹಲಗೆಯೂ ಜಾರಿತು."

ನೂನ್ಯೋನ ಕೈ ತಾನಾಗಿಯೇ ಬಲಗಿವಿಗೆ ಹೋಗಿತ್ತು. ಈ ಸಲ ಕೂದಲು ಎಳೆದುಕೊಳ್ಳಲಿಲ್ಲ. ಆ ಕಚ್ಚನ್ನು ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ, ಕುರುಡ ಬಾಗಿಲ ಚಿಲಕ ಹುಡುಕುವ ಹಾಗೆ.

"ಗಿಡುಗ," ಅಂದ. "ಗಿಡುಗ ಕುಕ್ಕಿತು ಅಂದಿದ್ರು..."

"ನಾನು ತಮಾಷೆ ಮಾಡಿದ್ದೆ," ಅಂದಳು ಅಲ್ದಾರಾ. "ಎರಡನೇ ರೊಟ್ಟಿ ನಿನ್ನದು. ಇಷ್ಟು ವರ್ಷ ಹಕ್ಕಿಗಳು ತಿಂದದ್ದೆಲ್ಲ ನಿನ್ನದು."

ಕೊಲೊಂಬಾ ಉಳಿದ ರೊಟ್ಟಿಯನ್ನು ಅವನ ಬಲಗೈಯಲ್ಲಿಟ್ಟು, ಬೆರಳುಗಳನ್ನು ಅದರ ಸುತ್ತ ಮಡಿಸಿದಳು. ಬಿಸಿಯಿತ್ತು, ಅವನು ಕೈ ಬಿಡಲಿಲ್ಲ.

ಆಗ ಹೊರಗೆ ಕುದುರೆಗಳ ಸದ್ದಾಯಿತು. ಹೆಂಗಸರ ಗಲಾಟೆ ಒಮ್ಮೆಲೇ ನಿಂತಿತು. ಯಾರೋ ಖಡ್ಗದ ಹಿಡಿಯಿಂದ ಬಾಗಿಲು ತಟ್ಟಿದರು.

"ನೂನ್ಯೋ!" ಸಾಮಂತ ಫ್ರುವೆಲಾನ ಗಂಟಲು. ಬುರ್ಗೋಸಿನಲ್ಲಿ ಇರಬೇಕಾದವನು! "ಹೆಂಗಸರ ಮಧ್ಯೆ ಏನು ಮಾಡ್ತಿದ್ದೀಯೋ? ಹೊರಗೆ ಬಾ. ನಾಳೆಯವರೆಗೆ ಕಾಯೋದು ಬೇಡ ಅಂತ ರಾಜನ ಅಪ್ಪಣೆ ಆಗಿದೆ. ಪಾದ್ರಿ ಗ್ರಂಥ ತಂದಿದ್ದಾರೆ. ಒಂದು ಮಾತು ಹೇಳಿ ಮುಗಿಸು, ಮನೆಗೆ ಹೋಗೋಣ. ನಿನ್ನನ್ನ ಸಾಕಿದ್ದು ಇವತ್ತಿಗಾಗಿ ಅಂದುಕೋ."

ಓರಿಯಕ್ಕ ಅಂಗಿಯನ್ನು ಎದೆಗವಚಿಕೊಂಡಳು. ಕೊಲೊಂಬಾಳ ಅರ್ಧ ಸಾಕ್ಷಿಗೆ ಬೇಕಾದ ಇನ್ನರ್ಧ ಆ ಹುಡುಗನ ಕಿವಿಯ ಮೇಲಿತ್ತು. ಅದನ್ನು ತೋರಿಸುವುದೂ ಮುಚ್ಚುವುದೂ ಅವನಿಗೆ ಬಿಟ್ಟದ್ದು. ನಾನು ಹೇಳಬೇಕೆಂದು ಬಾಯಿ ತೆರೆದೆ. ಅಕ್ಕ ನನ್ನ ಕೈ ಅದುಮಿದಳು.

ನೂನ್ಯೋ ಬಾಗಿಲು ತೆರೆದ. ಹೊರಗೆ ಬಿಸಿಲಿನಲ್ಲಿ ಪಾದ್ರಿ ಎರಡೂ ಕೈಗಳಲ್ಲಿ ಗ್ರಂಥ ತೆರೆದು ಹಿಡಿದಿದ್ದರು. ಕುದುರೆಯ ಮೇಲೆ ಫ್ರುವೆಲಾ ನಗುತ್ತಿದ್ದ.

"ಬಲಗೈ ಇಡು, ಮಗನೇ."

ಹುಡುಗ ಗ್ರಂಥದ ಮುಂದೆ ಹೋಗಿ ನಿಂತ. ಬಲಗೈ ಎತ್ತಿದ. ಅದರಲ್ಲಿ ಇನ್ನೂ ಹಬೆಯಾಡುತ್ತಿದ್ದ ಆ ರೊಟ್ಟಿಯಿತ್ತು.